ಖಂಡೇನವಮಿಯ ಪಿಸ್ತೂಲು

ನವರಾತ್ರಿಯ ದಿನಗಳಲ್ಲಿ ಬೆಳಗಾವಿಯ ಓಣಿಗಳು ನಸುಕಿನಲ್ಲೇ ಎದ್ದಿರುತ್ತವೆ. ಬಿಳಿ ಬಟ್ಟೆ, ಕೇಸರಿ ಪೇಟ ತೊಟ್ಟ ಹುಡುಗರು ದುರ್ಗಾಮಾತಾ ದೌಡ್ ಎಂದು ಶಹಾಪುರ, ಅನಗೋಳ, ಖಡೇಬಜಾರಗಳ ಗಲ್ಲಿಗಳಲ್ಲಿ ಬರಿಗಾಲಲ್ಲಿ ಓಡುತ್ತಾರೆ. ಮನೆಮನೆಯ ಮುಂದೆ ರಂಗೋಲಿ, ಆರತಿ ಹಿಡಿದು ನಿಂತ ಹೆಣ್ಣುಮಕ್ಕಳು. ಕ್ಯಾಂಪಿನ ಕಡೆ ಈ ಗದ್ದಲ ಮುಟ್ಟುವುದಿಲ್ಲ. ಅಲ್ಲಿ ರಸ್ತೆ ಅಗಲ, ಮರಗಳು ಹಳೆಯವು. 1922ರಿಂದ ಇಲ್ಲಿ ನೆಲೆ ನಿಂತಿರುವ ಮರಾಠಾ ಲಘು ಪದಾತಿ ದಳದ ಕೇಂದ್ರದ ಮೈದಾನದಿಂದ ರಂಗರೂಟರ ಬೂಟಿನ ಸದ್ದು ಒಂದೇ ಲಯದಲ್ಲಿ ಕೇಳುತ್ತಿರುತ್ತದೆ. ನಾಲ್ಕು ತಿಂಗಳು ಬಿಡದೆ ಹೊಡೆದ ಮಳೆ ಆಗಷ್ಟೇ ಹಿಂದೆ ಸರಿದಿರುತ್ತದೆ. ಕಾಂಪೌಂಡ್ ಗೋಡೆಯ ಪಾಚಿ ಇನ್ನೂ ಹಸಿರಾಗಿಯೇ ಇರುತ್ತದೆ.

ಒಂಬತ್ತನೆಯ ದಿನ ಖಂಡೇನವಮಿ. ಗಣೇಶಪುರ, ಹಿಂಡಲಗಾ ಕಡೆಯ ಮಾಜಿ ಸೈನಿಕರ ಮನೆಗಳಲ್ಲಿ ಅಂದು ಪಡಸಾಲೆಯಲ್ಲಿ ಮಣೆ ಹಾಕಿ, ಅದರ ಮೇಲೆ ತೊಳೆದ ಧೋತರ ಹಾಸುತ್ತಾರೆ. ಮೊದಲು ಬರುವುದು ಕುಡಗೋಲು, ಕೊಡಲಿ, ಗಾಡಿಯ ಪಾನಾ, ಹೊಲಿಗೆ ಯಂತ್ರದ ಕತ್ತರಿ, ಮೊಮ್ಮಕ್ಕಳ ಕಂಪಾಸ್ ಪೆಟ್ಟಿಗೆ. ಎಲ್ಲ ಬಂದಾದ ಮೇಲೆ ಯಜಮಾನರು ಜನಿವಾರಕ್ಕೋ ಉಡದಾರಕ್ಕೋ ಕಟ್ಟಿಕೊಂಡ ಕೀಲಿಯಿಂದ ಕಪಾಟಿನ ಒಳಖಾನೆ ತೆರೆಯುತ್ತಾರೆ. ಹಳದಿ ಅರಿವೆಯಲ್ಲಿ ಸುತ್ತಿದ ಗಂಟು ಹೊರಬರುತ್ತದೆ. ಮಕ್ಕಳು ಮಾತು ನಿಲ್ಲಿಸುತ್ತಾರೆ.

ನನಗೆ ಪರಿಚಯದ ಸುಬೇದಾರ ಕಾಕಾರ ಮನೆಯ ಗಂಟಿನಲ್ಲಿರುವುದು ಒಂದು ಬ್ರೌನಿಂಗ್, 1910ರ ಮಾದರಿ. ಬ್ರಿಟಿಷರು ದೇಶ ಬಿಡುವ ಹೊತ್ತಿಗೆ ಒಬ್ಬ ಅಧಿಕಾರಿಯಿಂದ ಅವರ ತಂದೆ ಕೊಂಡದ್ದು ಎಂದು ಮನೆಯಲ್ಲಿ ಹೇಳುತ್ತಾರೆ. ಕಾಕಾ ಅದನ್ನು ಕೈಗೆತ್ತಿಕೊಂಡ ಕೂಡಲೇ ಮ್ಯಾಗಜೀನ್ ಇಳಿಸಿ ಪಕ್ಕಕ್ಕಿಟ್ಟರು. ಸ್ಲೈಡನ್ನು ಹಿಂದಕ್ಕೆಳೆದು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಕಿರುಬೆರಳನ್ನು ಒಳಗೆ ಮುಟ್ಟಿಸಿ ಇನ್ನೊಮ್ಮೆ ಖಾತ್ರಿ ಮಾಡಿಕೊಂಡರು. ವರ್ಷವಿಡೀ ಕೀಲಿಯಲ್ಲೇ ಇದ್ದ, ತೋಟಾ ತುಂಬದ ಪಿಸ್ತೂಲು ಅದು. ಆದರೂ ಈ ಕ್ರಮ ತಪ್ಪುವುದಿಲ್ಲ. ‘ಖಾಲಿ ಐತಿ ಅಂತ ನಂಬಬಾರದೋ ತಮ್ಮಾ. ಪ್ರತಿ ಸಲ ನೋಡಬೇಕು. ನಾ ನೋಡೀನಿ ಅಂತ ನಿನಗ ಕೊಟ್ರೂ ನೀ ಮತ್ತ ನೋಡಬೇಕು’ ಎಂದರು.

ಅಂಗೈಯಷ್ಟೇ ಉದ್ದ, ಅರ್ಧ ಕಿಲೋಗಿಂತ ತುಸು ಹೆಚ್ಚು ತೂಕ. ಮೈ ಎಷ್ಟು ನುಣುಪು ಎಂದರೆ ಜೇಬಿನ ಅಂಚಿಗೆ ಸಿಕ್ಕಿಕೊಳ್ಳುವ ಒಂದು ಮೂಲೆಯೂ ಇಲ್ಲ. ಇದಕ್ಕೆ ಹ್ಯಾಮರ್ ಇಲ್ಲ. ಹಿಡಿಕೆಯ ಬೆನ್ನಿನಲ್ಲಿ ಒಂದು ಪಟ್ಟಿ ಇದೆ, ಅಂಗೈ ಅದನ್ನು ಒತ್ತಿ ಹಿಡಿಯದೆ ಗುಂಡು ಹಾರದು. ಸ್ಲೈಡಿನ ಎಡಮಗ್ಗುಲಲ್ಲಿ ಬೆಲ್ಜಿಯಂನ ಹರ್ಸ್ಟಾಲ್ ಊರಿನ ಫಾಬ್ರಿಕ್ ನಾಸಿಯೊನಾಲ್ ಕಾರ್ಖಾನೆಯ ಹೆಸರನ್ನು ಸಣ್ಣ ಅಕ್ಷರದಲ್ಲಿ ಕೊರೆದಿದ್ದಾರೆ. ಅದರ ಹತ್ತಿರ ಲೀಜ್ ನಗರದ ಪರೀಕ್ಷಾಗೃಹದ ಮುದ್ರೆ, ಒಂದು ಪುಟ್ಟ ಕಿರೀಟ. ನಳಿಗೆ ಪೂರ್ಣ ಒತ್ತಡವನ್ನು ತಾಳಿಕೊಳ್ಳುತ್ತದೆ ಎಂದು ಪರೀಕ್ಷಿಸಿ ಒತ್ತುವ ಗುರುತು ಅದು. ಕಪ್ಪುನೀಲಿ ಹೊಳಪು ಹಲವೆಡೆ ಸವೆದು ಬೂದಿಬಣ್ಣಕ್ಕೆ ತಿರುಗಿದೆ. ಸ್ಲೈಡಿನ ಹಿಂತುದಿಯಲ್ಲಿ, ಹೆಬ್ಬೆರಳು ತೋರುಬೆರಳು ಹಿಡಿದೆಳೆಯುವ ಜಾಗದಲ್ಲಂತೂ ಉಕ್ಕು ಬೆಳ್ಳಗಾಗಿದೆ. ಎರಡು ತಲೆಮಾರಿನ ಕೈ ಅಲ್ಲಿ ಆಡಿದೆ.

ಇದನ್ನು ರೂಪಿಸಿದ ಜಾನ್ ಮೋಸೆಸ್ ಬ್ರೌನಿಂಗ್ 1855ರಲ್ಲಿ ಅಮೆರಿಕದ ಯೂಟಾದಲ್ಲಿ ಬಂದೂಕು ಮಾಡುವವನ ಮಗನಾಗಿ ಹುಟ್ಟಿದವನು. 1926ರಲ್ಲಿ ಸತ್ತದ್ದು ಇದೇ ಲೀಜ್‌ನಲ್ಲಿ, ಕೆಲಸ ಮಾಡುತ್ತಲೇ. ಗುಂಡು ಹಾರಿದ ಹೊಡೆತದಿಂದಲೇ ಸ್ಲೈಡು ಹಿಂದೆ ಸರಿದು, ಖಾಲಿ ಕೊಳವೆಯನ್ನು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಹೊಸ ತೋಟಾವನ್ನು ನಳಿಗೆಗೆ ತಳ್ಳುವ ಏರ್ಪಾಟಿಗೆ ಅವನು ಕೊಟ್ಟ ರೂಪವೇ ಇವತ್ತಿಗೂ ಜಗತ್ತಿನ ಬಹುತೇಕ ಪಿಸ್ತೂಲುಗಳಲ್ಲಿದೆ. ಮತ್ತೆ ಗುಂಡು ಹಾರಬೇಕಾದರೆ ಟ್ರಿಗರನ್ನು ಮತ್ತೆ ಎಳೆಯಲೇಬೇಕು, ಅದಕ್ಕೇ ಇದು ಅರೆಸ್ವಯಂಚಾಲಿತ. 1910ರ ಮಾದರಿಯಲ್ಲಿ ಅವನು ಮಾಡಿದ ಜಾಣತನವೆಂದರೆ ಆ ಸ್ಪ್ರಿಂಗನ್ನು ನಳಿಗೆಯ ಸುತ್ತಲೇ ತೊಡಿಸಿದ್ದು. ಅದರಿಂದ ಪಿಸ್ತೂಲು ತೆಳ್ಳಗಾಯಿತು, ಬಿಡಿಭಾಗ ಕಡಿಮೆಯಾದವು. 1914ರ ಜೂನ್ 28ರಂದು ಸಾರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದು ಮೊದಲ ಮಹಾಯುದ್ಧಕ್ಕೆ ಕಿಡಿ ಹಚ್ಚಿದ್ದು ಇದೇ ಮಾದರಿಯ ಪಿಸ್ತೂಲು. ಆ ಯುದ್ಧದಲ್ಲಿ ಮೆಸೊಪೊಟೇಮಿಯಾದ ಶರ್ಕತ್‌ನಲ್ಲಿ ಕಾದಿದ ಮರಾಠಾ ಪಡೆಯ ನೆನಪಿನ ಸ್ಮಾರಕ ಬೆಳಗಾವಿಯಲ್ಲಿದೆ. ಬೆಲ್ಜಿಯಂನ ಒಂದು ಕಾರ್ಖಾನೆಗೂ ನಮ್ಮ ಕ್ಯಾಂಪಿಗೂ ನಡುವೆ ಇಂಥದೊಂದು ಎಳೆ ಇದೆ ಎಂಬುದು ಆ ಸ್ಮಾರಕದ ಮುಂದೆ ನಿಂತಾಗಲೆಲ್ಲ ನನ್ನ ಮನಸ್ಸಿಗೆ ಬರುತ್ತದೆ.

ಸೈನ್ಯದೊಳಗಿನ ಪಿಸ್ತೂಲು ಬೇರೆ. ಬ್ರೌನಿಂಗ್ ಆರಂಭಿಸಿ, ಅವನು ತೀರಿಕೊಂಡ ಮೇಲೆ ಡ್ಯೂಡೊನೆ ಸೈವ್ ಪೂರ್ತಿಗೊಳಿಸಿದ, 1935ರಲ್ಲಿ ಹೊರಬಂದ ಹೈ-ಪವರ್ ಅದರ ಮೂಲ. ಮ್ಯಾಗಜೀನ್‌ನಲ್ಲಿ 13 ಗುಂಡು ಹಿಡಿಯುವುದು ಆ ಕಾಲಕ್ಕೆ ದೊಡ್ಡ ಸಂಗತಿ. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ಅದನ್ನು ತಯಾರಿಸಿತು. ಅದೇ ಮಾದರಿ ಮುಂದೆ ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆಯಲ್ಲಿ ‘ಪಿಸ್ತೂಲ್ ಆಟೊ 9 ಎಂ.ಎಂ. 1ಎ’ ಎಂಬ ಹೆಸರಿನಲ್ಲಿ ತಯಾರಾಗಿ ನಮ್ಮ ಸೇನೆಗೆ ಬಂತು. ಸೊಂಟಕ್ಕೆ ಅದನ್ನು ಕಟ್ಟಿಕೊಂಡು ನೌಕರಿ ಮಾಡಿದವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಆದರೆ ನಿವೃತ್ತಿಯ ದಿನ ಅದನ್ನು ಒಪ್ಪಿಸಿ ಬರಬೇಕು, ಆಮೇಲೆ ಅಂಥದ್ದನ್ನು ಇಟ್ಟುಕೊಳ್ಳುವ ಹಾಗಿಲ್ಲ. 9 ಎಂ.ಎಂ., ಅಮೆರಿಕನ್ನರ ಹೆಸರಾಂತ 1911 ಪಿಸ್ತೂಲಿನ .45, ಸೇನೆಯ ತೋಟಾ ಹಿಡಿಯುವ ಇಂಥ ಬೋರ್‌ಗಳೆಲ್ಲ ನಾಗರಿಕರಿಗೆ ನಿಷೇಧ. ಜನರ ಪಾಲಿಗೆ ಉಳಿದದ್ದು ಮುಖ್ಯವಾಗಿ .32, ಅಂದರೆ 7.65 ಎಂ.ಎಂ. ಆ ತೋಟಾವನ್ನೂ ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ರೌನಿಂಗನೇ ರೂಪಿಸಿದ್ದ.

1980ರ ದಶಕದ ನಡುವಿನಿಂದ ವಿದೇಶಿ ಪಿಸ್ತೂಲನ್ನು ತರಿಸಿ ಮಾರುವ ದಾರಿ ನಮ್ಮಲ್ಲಿ ಮುಚ್ಚಿತು. ಹಾಗಾಗಿ ದೇಶದೊಳಗೆ ಆಗಲೇ ಇದ್ದ ಬ್ರೌನಿಂಗ್, ವೆಬ್ಲಿ, ವಾಲ್ಟರ್‌ಗಳೇ ಕೈಯಿಂದ ಕೈಗೆ ದಾಟುತ್ತ ಬಂದಿವೆ. ತಯಾರಾದ ಊರಿನಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಪಿಸ್ತೂಲಿಗೆ ಇಲ್ಲಿ ಹೊಲದ ಬೆಲೆ. ಕೊಳ್ಳಲಾಗದವರು ಸರ್ಕಾರಿ ಕಾರ್ಖಾನೆಯ ‘ಅಶನಿ’ಗೆ ಅರ್ಜಿ ಹಾಕುತ್ತಾರೆ.

ಇಷ್ಟು ಬೆಲೆಯ ವಸ್ತುವನ್ನು ತಮ್ಮ ಮನಸ್ಸಿನಂತೆ ತಿದ್ದಿಕೊಳ್ಳುವ ಆಸೆ ಯಾರಿಗಾದರೂ ಬರುತ್ತದೆ. ಬೇರೆ ದೇಶಗಳಲ್ಲಿ ಹಳೆಯ ಪಿಸ್ತೂಲಿಗೆ ಹೊಸ ನಳಿಗೆ, ಹೊಸ ಗುರಿ ಕಣ್ಣು, ಹಗುರಾದ ಟ್ರಿಗರ್ ಹಾಕಿಸುವುದೇ ಒಂದು ಹವ್ಯಾಸ, ಅದಕ್ಕೇ ಹೆಸರಾದ ಕಾರ್ಯಾಗಾರಗಳಿವೆ. ನಮ್ಮಲ್ಲಿ ಹಾಗಾಗದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧ ರಿಪೇರಿಯನ್ನು ಕಸುಬಾಗಿ ಮಾಡುವವನಿಗೂ ಲೈಸೆನ್ಸು ಬೇಕು. ನಳಿಗೆ ಕತ್ತರಿಸಿ ಮೊಟಕು ಮಾಡುವುದು, ನಂಬರು ಅಳಿಸುವುದು ಅಪರಾಧ. ಈ ಕಟ್ಟುಪಾಡು ಸರಿ ಎಂದೇ ನನ್ನ ಅಭಿಪ್ರಾಯ. ಕಾನೂನಿನ ಮಾತು ಬದಿಗಿರಲಿ, ನೂರು ವರ್ಷದ ಹಿಂದೆ ಹರ್ಸ್ಟಾಲ್‌ನ ಕೆಲಸಗಾರ ಅರದಿಂದ ಉಜ್ಜಿ ಕೂಡಿಸಿದ ಯಂತ್ರವನ್ನು ಇವತ್ತಿನ ರುಚಿಗೆ ಕೆರೆದು ಹೊಳಪಿಸಿದರೆ ಅದರಲ್ಲಿ ಉಳಿಯುವುದೇನು? ಕೆಲವರು ಹೆಮ್ಮೆಯಿಂದ ನಿಕಲ್ ಪಾಲಿಷ್ ಮಾಡಿಸಿದ್ದನ್ನು ತೋರಿಸುತ್ತಾರೆ. ಮುದ್ರೆಗಳೆಲ್ಲ ತೇದುಹೋಗಿರುತ್ತವೆ. ಕನ್ನಡಿಯಂತೆ ಮಿಂಚುವ ಆ ಪಿಸ್ತೂಲು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಾಡಬಹುದಾದದ್ದು ಒಂದಿದೆ, ಹಿಡಿಕೆ. 1910ರ ಬ್ರೌನಿಂಗ್‌ಗೆ ಎರಡೂ ಬದಿ ಗಟ್ಟಿ ರಬ್ಬರಿನ ಕರಿಯ ಹಲಗೆ ಇರುತ್ತಿತ್ತು. ವಯಸ್ಸಾದಂತೆ ಆ ರಬ್ಬರು ಬಿರುಸಾಗಿ, ಸ್ಕ್ರೂ ಕೂಡುವಲ್ಲಿ ಸೀಳುತ್ತದೆ. ಕಾಕಾರ ಪಿಸ್ತೂಲಿನ ಬಲಗಡೆಯ ಹಲಗೆ ಹಾಗೇ ಮುರಿದಿತ್ತು. ಅವರ ಸಂಬಂಧಿಕರು ಖಾನಾಪುರ ತಾಲ್ಲೂಕಿನಲ್ಲಿದ್ದಾರೆ, ಅಲ್ಲಿಯ ಹಳೆಯ ಮನೆಗಳಲ್ಲಿ ಸಾಗವಾನಿ, ಸೀಸಂ ಕಟ್ಟಿಗೆಗೆ ಬರವಿಲ್ಲ. ಮುರಿದು ಅಟ್ಟ ಸೇರಿದ್ದ ಸೀಸಂ ಮಂಚದ ಒಂದು ಕಾಲನ್ನು ಕಾಕಾ ಕೇಳಿ ತಂದರು. ಮುರಿದ ರಬ್ಬರ್ ಹಲಗೆಯನ್ನು ಮಾತ್ರ ಬಿಚ್ಚಿ ಬಡಿಗೇರರ ಕೈಗೆ ಅಳತೆಗೆ ಕೊಟ್ಟರು. ಪಿಸ್ತೂಲು ಕಪಾಟು ಬಿಟ್ಟು ಕದಲಲಿಲ್ಲ. ಲೈಸೆನ್ಸಿಲ್ಲದವರ ಕೈಗೆ, ಅವರು ಎಷ್ಟೇ ಬಲ್ಲವರಿರಲಿ, ಅರೆಗಳಿಗೆಗೂ ಆಯುಧ ಕೊಡುವಂತಿಲ್ಲ.

ಆ ಬಡಿಗೇರರ ಕೆಲಸ ನಾನು ಹತ್ತಿರ ಕೂತು ನೋಡಿದೆ. ಮಂಚದ ಕಾಲನ್ನು ಸೀಳಿದಾಗ ಒಳಗೆ ಕಡುಗೆಂಪು, ಅದರ ನಡುವೆ ಕರಿಯ ಗೆರೆ. ಬೆರಳುದ್ದದ ಹಲಗೆ ಕೊಯ್ದು, ಹಳೆಯದರ ಬೆನ್ನಿಗೆ ಬೆನ್ನು ಹಚ್ಚಿ ಪೆನ್ಸಿಲ್ ಗೆರೆ ಎಳೆದು, ಅರದಿಂದ ತೇಯುತ್ತ ಹೋದರು. ಒಳಮೈಗೆ ತಗ್ಗು ತೆಗೆಯುವುದೇ ಕಷ್ಟ. ಒಂದು ಕೂದಲೆಳೆ ಹೆಚ್ಚಾದರೂ ಮ್ಯಾಗಜೀನ್ ಇಳಿಯದು, ಕಡಿಮೆಯಾದರೆ ಕೈಯಲ್ಲಿ ಅಲುಗುತ್ತದೆ. ಆಯುಧವನ್ನೇ ನೋಡದೆ, ಮುರಿದ ತುಂಡಿನ ಮೇಲಿನ ಸವೆತದ ಗುರುತು ನೋಡಿಕೊಂಡೇ ಅವರು ಎಲ್ಲಿ ಎಷ್ಟು ಬೇಕೆಂದು ಹಿಡಿದರು. ‘ಇಲ್ಲಿ ಹೊಳಪ ಬಂದೈತಿ ನೋಡ್ರಿ ಸಾಹೇಬ್ರ, ಅಂದ್ರ ಇಲ್ಲಿ ಕಬ್ಬಿಣ ತಾಗ್ತಿತ್ತು’ ಎಂದು ತೋರಿಸಿದರು. ಮೇಲ್ಮೈಗೆ ಗೀರು ಬೇಡವೆಂದರು ಕಾಕಾ. ಅಗಸಿ ಎಣ್ಣೆ ಒರೆಸಿ ಒಣಗಿಸಿ, ಮತ್ತೆ ಒರೆಸಿ ಮುಗಿಸಿದರು. ಮೂಲ ರಬ್ಬರ್ ತುಂಡುಗಳನ್ನು ಕಾಕಾ ಎಸೆಯಲಿಲ್ಲ, ಸಣ್ಣ ಡಬ್ಬಿಯಲ್ಲಿ ಲೈಸೆನ್ಸ್ ಪುಸ್ತಕದ ಜೊತೆ ಇಟ್ಟಿದ್ದಾರೆ. ಯಾವತ್ತಾದರೂ ಮೊದಲಿನಂತೆ ಮಾಡಬೇಕೆಂದರೆ ಸ್ಕ್ರೂ ಬಿಚ್ಚಿದರಾಯಿತು. ಹಳೆಯ ವಸ್ತುವನ್ನು ತಿದ್ದುವ ಬಗೆ ಎಂದರೆ ಇದೇ.

ಉಳಿದದ್ದೆಲ್ಲ ತುಕ್ಕಿನೊಡನೆ ನಡೆಯುವ ಕಾದಾಟ. ಬೆಳಗಾವಿಯ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಕಪಾಟಿನೊಳಗಿನ ಚಪ್ಪಲಿಗೂ ಬೂಸು ಹಿಡಿಯುತ್ತದೆ. ಪಿಸ್ತೂಲನ್ನು ಚರ್ಮದ ಚೀಲದಲ್ಲೇ ಇಟ್ಟರೆ ಕೆಟ್ಟಿತು. ಚರ್ಮ ತೇವ ಹೀರಿಕೊಳ್ಳುತ್ತದೆ, ಹದ ಮಾಡುವಾಗಿನ ರಾಸಾಯನಿಕ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯ ತೋಟಾಕ್ಕೆ ಹಸಿರು ಕಿಲುಬು ಕಟ್ಟುತ್ತದೆ. ತಳದಲ್ಲಿ ಕೆ.ಎಫ್. ಎಂದು ಒತ್ತಿದ ಖಡಕಿ ಕಾರ್ಖಾನೆಯ ತೋಟಾಗಳನ್ನು ಕಾಕಾ ಬೇರೆ ಡಬ್ಬಿಯಲ್ಲಿ, ಬೇರೆ ಕೀಲಿಯಲ್ಲಿ ಇಡುತ್ತಾರೆ. ಎಣ್ಣೆಯೂ ಹದವಾಗಿರಬೇಕು. ಹೆಚ್ಚು ಸುರಿದರೆ ಧೂಳು ಕೂಡಿ ಗೋಂದಾಗುತ್ತದೆ. ಹತ್ತಿ ಬಟ್ಟೆಗೆ ಎರಡು ಹನಿ ಹಾಕಿ ನಳಿಗೆಯಲ್ಲಿ ಎಳೆದು, ಒಣ ಬಟ್ಟೆಯಿಂದ ಮತ್ತೆ ಎಳೆದರು. ಬಟ್ಟೆ ಬೆಳ್ಳಗೆ ಹೊರಬಂದಾಗ ಅವರ ಮುಖದಲ್ಲಿ ಕಂಡ ಸಮಾಧಾನವನ್ನು ಪೂಜೆಯ ಮುಂದೆಯೂ ನಾನು ಕಾಣಲಿಲ್ಲ. ಮಣೆಯ ಮೇಲಿಟ್ಟು ಚೆಂಡುಹೂ ಏರಿಸಿ, ಕುಂಕುಮವನ್ನು ಮಾತ್ರ ಹಿಡಿಕೆಯ ಕಟ್ಟಿಗೆಗೆ ಹಚ್ಚಿದರು. ಉಕ್ಕಿಗೆ ಹಚ್ಚಿದರೆ ಕಲೆ ಉಳಿಯುತ್ತದೆ.

ಬೆಳಗಾವಿಯಿಂದ ದಕ್ಷಿಣಕ್ಕೆ, ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು, ಖಾನಾಪುರ. ಅಲ್ಲಿಂದ ಜಾಂಬೋಟಿ, ಕಣಕುಂಬಿ ಕಡೆ ತಿರುಗಿದರೆ ಗಾಳಿಯ ವಾಸನೆಯೇ ಬದಲಾಗುತ್ತದೆ. ಮಲಪ್ರಭೆ ಹುಟ್ಟುವ ನೆಲ ಅದು. ಹೆಮ್ಮಡಗಾ, ತಳೇವಾಡಿಯ ಕಡೆ 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಭೀಮಗಡ. ಇಲ್ಲಿ ಆಯುಧವೆಂದರೆ ಪಿಸ್ತೂಲಲ್ಲ, ಉದ್ದ ನಳಿಗೆಯ ಬಂದೂಕು. ಬೆಳೆ ಕಾಯುವ ಲೈಸೆನ್ಸಿನ ಒಂಟಿ ನಳಿಗೆ, ಅಜ್ಜನ ಕಾಲದ ಬಾಯಿಂದ ಮದ್ದು ತುಂಬುವಂಥದ್ದು. ಭತ್ತ ತೆನೆಗಟ್ಟಿದಾಗ ಹಂದಿ ಬರುತ್ತವೆ, ಕಾಡುಕೋಣ ಇಳಿಯುತ್ತವೆ, ದಾಂಡೇಲಿ ಕಡೆಯ ಕಾಡಿನಿಂದ ಆನೆಯೂ ದಾರಿ ಹಿಡಿಯುತ್ತದೆ. ಗದ್ದೆಯ ಅಟ್ಟದ ಮೇಲೆ ಕಂಬಳಿ ಹೊದ್ದು ಕೂತವರು ಆಕಾಶಕ್ಕೊಂದು ಗುಂಡು ಹಾರಿಸಿದರೆ ಕಣಿವೆಯ ಆಚೆಯವರೆಗೂ ಸದ್ದು ಉರುಳುತ್ತದೆ. ಪ್ರಾಣಿಯನ್ನು ಕೊಲ್ಲಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಸದ್ದೇ ಇವರ ಬೇಲಿ.

ಚುನಾವಣೆ ಬಂತೆಂದರೆ ಈ ಬಂದೂಕುಗಳನ್ನು ಒಪ್ಪಿಸಲು ಠಾಣೆಗೆ ಹೊರಡಬೇಕು. ವಿಧಾನಸಭೆ, ಲೋಕಸಭೆ, ಸ್ಥಳೀಯ ಸಂಸ್ಥೆ ಎಂದು ಸರದಿ ಬರುತ್ತಲೇ ಇರುತ್ತದೆ. ಗೋಣಿತಾಟಿನಲ್ಲಿ ಸುತ್ತಿದ ಬಂದೂಕನ್ನು ಬಸ್ಸಿನ ಸೀಟಿನ ಸಂದಿಯಲ್ಲಿ ನಿಲ್ಲಿಸಿಕೊಂಡು ಅಜ್ಜಂದಿರು ಬರುತ್ತಾರೆ. ನಂಬರು ನೋಡಿ, ಪುಸ್ತಕದಲ್ಲಿ ಬರೆಸಿ, ರಸೀದಿ ಮಡಚಿ ಒಳಜೇಬಿಗಿಟ್ಟುಕೊಳ್ಳುತ್ತಾರೆ. ಗೇರುಹಣ್ಣಿನ ಕಾಲದಲ್ಲಿ ಕೈ ಬರಿದಾಗುತ್ತದೆ ಎಂಬ ಅವರ ಸಂಕಟ ನಿಜವಾದದ್ದು. ಬೆಳೆ ಕಾಯುವವರ ವಿನಾಯಿತಿ ಅರ್ಜಿಯನ್ನು ಬೇರೆಯಾಗಿ ನೋಡಿ ತೀರ್ಮಾನಿಸುವುದು ನ್ಯಾಯ.

ಆಯುಧ ಒಪ್ಪಿಸು ಎಂಬ ಮಾತಿಗೆ ಈ ಸೀಮೆಯಲ್ಲಿ ಹಳೆಯ ಗಾಯವಿದೆ. ಬ್ರಿಟಿಷರ ವಿರುದ್ಧ ಹತಾರ ಹಿಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಇದೇ ತಾಲ್ಲೂಕಿನದು. ಮುಂದೆ 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾನೂನು ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಕೊಡುವುದಿಲ್ಲವೆಂದು ಸಿಡಿದೆದ್ದು ಪ್ರಾಣ ಕೊಟ್ಟರು. ಅವರ ಲಾವಣಿ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. 1878ರ ಶಸ್ತ್ರ ಕಾಯ್ದೆ ಆ ಭಯದ ಬೆನ್ನಿಗೇ ಹುಟ್ಟಿದ್ದು. ಇವತ್ತಿನ ಕಾಯ್ದೆ ನಾವೇ ಮಾಡಿಕೊಂಡದ್ದು ಎಂಬ ವ್ಯತ್ಯಾಸವನ್ನು ಮರೆಯಬಾರದು.

ಏಕೆ ಬೇಕು ಆ ಕಾಯ್ದೆ ಎನ್ನುವವರಿಗೆ ಉತ್ತರವೂ ಇದೇ ಸೀಮೆಯಲ್ಲಿದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದು 7.65 ಎಂ.ಎಂ. ನಾಡ ಪಿಸ್ತೂಲಿನ ಗುಂಡು. ಗೌರಿ ಪ್ರಕರಣದ ಆರೋಪಿಗಳು ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಗುರಿ ಹೊಡೆಯುವ ಅಭ್ಯಾಸ ಮಾಡಿದ್ದರೆಂದು ವಿಶೇಷ ತನಿಖಾ ತಂಡ ಆರೋಪಿಸಿದ್ದು ಪತ್ರಿಕೆಗಳಲ್ಲಿ ಬಂತು. ಕಾಕಾರ ಬ್ರೌನಿಂಗಿನ ಬೋರ್ ಕೂಡ ಅದೇ. ಒಂದಕ್ಕೆ ನಂಬರು, ಪುಸ್ತಕ, ಯಜಮಾನ, ಕೀಲಿ ಎಲ್ಲ ಇವೆ. ಇನ್ನೊಂದಕ್ಕೆ ಯಾವುದೂ ಇಲ್ಲ. ಆ ಸುದ್ದಿ ಓದಿದ ದಿನ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ‘ನಮ್ಮ ಕಸುಬಿಗಿ ಕಳಂಕ ತಂದ್ರು’ ಎಂದಷ್ಟೇ ಅಂದರು.

ಕಾಕಾರಿಗೆ ಈಗ ಎಪ್ಪತ್ತು ದಾಟಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. 2016ರ ನಿಯಮಗಳಲ್ಲಿ ಹಿರಿಯರಿಗೆ ಒಂದು ಅನುಕೂಲವೂ ಇದೆ. ಮಾಲೀಕರಿಗೆ 70 ವರ್ಷ ತುಂಬಿದರೆ, ಇಲ್ಲವೇ ಆಯುಧ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸು ಕೇಳಬಹುದು. ಕಾಕಾ ಸೊಸೆಯ ಹೆಸರು ಹೇಳಿದ್ದಾರೆ. ಮಗನಿಗೆ ಇದರಲ್ಲಿ ಆಸಕ್ತಿ ಇಲ್ಲ, ಸೊಸೆಗೆ ಯಂತ್ರವೆಂದರೆ ಪ್ರೀತಿ. ಖಂಡೇನವಮಿಯ ದಿನ ಪಕ್ಕದಲ್ಲಿ ಕೂತು ಪ್ರತಿಯೊಂದು ಹಂತವನ್ನೂ ನೋಡಿ ಕಲಿತವಳು ಅವಳೇ.

ನಿಮ್ಮ ಮನೆಯ ಕಪಾಟಿನಲ್ಲೂ ಅಜ್ಜನದೋ ಮಾವನದೋ ಇಂಥದೊಂದು ಗಂಟು ಇದ್ದರೆ, ಮುಂದಿನ ಹಬ್ಬದವರೆಗೆ ಕಾಯಬೇಡಿ. ಪುಸ್ತಕ ತೆರೆದು ನವೀಕರಣದ ತಾರೀಖು ನೋಡಿ. ಯಜಮಾನರು ತೀರಿಕೊಂಡಿದ್ದರೆ ಆಯುಧವನ್ನು ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಿರಿ. ನಗರದವರು ಪೊಲೀಸ್ ಆಯುಕ್ತರ ಕಚೇರಿಗೆ, ತಾಲ್ಲೂಕಿನವರು ಜಿಲ್ಲಾಧಿಕಾರಿ ಕಚೇರಿಗೆ ವಾರಸಿನ ಅರ್ಜಿ ಕೊಡಿ. ಪಿಸ್ತೂಲಿನ ಮೇಲಿನ ನಂಬರನ್ನೂ ಪುಸ್ತಕದ ನಂಬರನ್ನೂ ಒಮ್ಮೆ ತಾಳೆ ನೋಡಿಯೇ ಹೊರಡಿ.